ಕಜ್ಜಾಯದ ಪಾಠ ತುದಿಯಿಂದ ಶುರು

ದಸರಾ ರಜೆ ಬಂತೆಂದರೆ ಮೈಸೂರಿನ ದಟ್ಟಗಳ್ಳಿಯಂಥ ಬಡಾವಣೆಗಳಲ್ಲಿ ಮಕ್ಕಳ ಗಲಾಟೆ ಇದ್ದಕ್ಕಿದ್ದಂತೆ ಜಾಸ್ತಿಯಾಗುತ್ತದೆ. ಕುವೆಂಪುನಗರ, ರಾಮಕೃಷ್ಣನಗರಗಳ ಆಚೆ ರಿಂಗ್ ರಸ್ತೆಯ ಕಡೆಗೆ ಹಬ್ಬಿರುವ ಈ ಜಾಗ ಒಂದು ಕಾಲಕ್ಕೆ ಹಳ್ಳಿ; ಈಗ ಅಡ್ಡರಸ್ತೆ, ಮನೆ ನಂಬರುಗಳ ಲೆಕ್ಕದಲ್ಲಿ ಗುರುತು ಹೇಳಬೇಕಾದ ಬಡಾವಣೆ. ಪಿಂಚಣಿದಾರರ ಸ್ವರ್ಗವೆಂದು ಮೈಸೂರಿಗೆ ಅಂಟಿರುವ ಹೆಸರು ಉಳಿದಿರುವುದೇ ಇಂಥ ಕಡೆಗಳಲ್ಲಿ. ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ, ಅಜ್ಜಿ-ತಾತ ಇಲ್ಲಿ, ಮೊಮ್ಮಕ್ಕಳು ರಜೆಗೆ. ನಡುಮನೆಯಲ್ಲಿ ಪಟ್ಟದ ಗೊಂಬೆ ಕೂರುತ್ತದೆ, ಸಂಜೆಯಾದರೆ ಗೊಂಬೆ ನೋಡಲು ಬರುವ ಮಕ್ಕಳಿಗೆ ಬೊಂಬೆ ಬಾಗಿನ ಕೊಡಬೇಕು, ವಿಜಯದಶಮಿ ಕಳೆದು ಮೂರು ವಾರ ತುಂಬುವುದರೊಳಗೆ ದೀಪಾವಳಿ. ಶರದೃತುವಿನ ಈ ಒಂದು ತಿಂಗಳು ಅಡುಗೆಮನೆಯ ಒಲೆ ಬಿಡುವಿಲ್ಲದೆ ಉರಿಯುತ್ತದೆ, ಮಗು ಅದರ ಹತ್ತಿರ ಸುಳಿದಾಡುತ್ತಲೇ ಇರುತ್ತದೆ. ಅಲ್ಲಿ ಅದು ಕಲಿಯುವುದೇನು ಎಂದು ಕೇಳಿದರೆ ಸಂಸ್ಕೃತಿ, ಪರಂಪರೆ, ಬಾಂಧವ್ಯ ಎಂಬ ಮೂರು ಪದಗಳು ಸಿದ್ಧವಾಗಿವೆ. ಮೂರೂ ಸುಳ್ಳಲ್ಲ, ಆದರೆ ಮೂರರಿಂದಲೂ ಏನೂ ತಿಳಿಯುವುದಿಲ್ಲ. ನನ್ನ ವಾದ ಇದಕ್ಕಿಂತ ಚಿಕ್ಕದು. ಹಬ್ಬದ ಅಡುಗೆ ಕಲಿಸುವಾಗ ಅಜ್ಜಿ ಪಾಠವನ್ನು ಕೊನೆಯಿಂದ ಮೊದಲಿಗೆ ನಡೆಸುತ್ತಾಳೆ; ಶಾಲೆ ನಡೆಸುವ ಕ್ರಮಕ್ಕೆ ಇದು ತೀರಾ ತಿರುವುಮುರುವು; ಕೈಕೆಲಸದ ಮಟ್ಟಿಗೆ ಅಜ್ಜಿಯ ಕ್ರಮವೇ ಸರಿ.

ಕಜ್ಜಾಯವನ್ನೇ ತೆಗೆದುಕೊಳ್ಳಿ. ಹಳೇ ಮೈಸೂರು ಸೀಮೆಯಲ್ಲಿ ದೀಪಾವಳಿಗೆ ಕಜ್ಜಾಯ ಇರಲೇಬೇಕು. ಕೇದಾರೇಶ್ವರ ವ್ರತ ಹಿಡಿದ ಮನೆಗಳಲ್ಲಿ ನೈವೇದ್ಯಕ್ಕೆ ಇಪ್ಪತ್ತೊಂದು ಎಣಿಸಿ ಇಡುವುದುಂಟು. ಬೇಕಾಗುವ ಸಾಮಾನು ನೋಡಿದರೆ ಇದಕ್ಕಿಂತ ಸುಲಭದ ತಿಂಡಿ ಇಲ್ಲವೇನೋ ಅನ್ನಿಸುತ್ತದೆ: ಅಕ್ಕಿ, ಬೆಲ್ಲ, ಚೂರು ಏಲಕ್ಕಿ, ಎಳ್ಳು ಅಥವಾ ಗಸಗಸೆ, ಕರಿಯಲು ಎಣ್ಣೆ ಇಲ್ಲವೇ ತುಪ್ಪ. ಕಷ್ಟವೆಲ್ಲ ನಡುವೆ ಇದೆ. ಅಕ್ಕಿಯನ್ನು ನೆನೆಹಾಕಿ, ಬಸಿದು, ಬಟ್ಟೆಯ ಮೇಲೆ ಹರಡಿ ನೆರಳಲ್ಲಿ ಆರಿಸಬೇಕು. ಪೂರ್ತಿ ಒಣಗಬಾರದು, ನೀರಾಡುವಂತೆಯೂ ಇರಬಾರದು. ಮುಷ್ಟಿಯಲ್ಲಿ ಹಿಡಿದರೆ ತಣ್ಣಗಿರಬೇಕು, ಬಿಟ್ಟರೆ ಕಾಳು ಅಂಗೈಗೆ ಅಂಟದೆ ಉದುರಬೇಕು. ಆ ತೇವದಲ್ಲೇ ಅದನ್ನು ಕುಟ್ಟಿ ಅಥವಾ ಮಿಕ್ಸಿಗೆ ಹಾಕಿ ಜರಡಿ ಹಿಡಿಯಬೇಕು. ಅತ್ತ ಬೆಲ್ಲ ಕರಗಿಸಿ, ಕಲ್ಲು-ಕಸ ಸೋಸಿ, ಪಾಕಕ್ಕಿಡಬೇಕು. ಪಾಕ ಕುದಿಯುತ್ತಾ ಮೊದಲು ದೊಡ್ಡ ದೊಡ್ಡ ಗುಳ್ಳೆ ಏಳುತ್ತವೆ, ಆಮೇಲೆ ಅವು ಸಣ್ಣಗಾಗಿ ಒತ್ತಾಗುತ್ತವೆ, ಸೌಟಿಗೆ ಭಾರ ಬರುತ್ತದೆ. ಬಟ್ಟಲ ನೀರಿಗೆ ಒಂದು ತೊಟ್ಟು ಬಿಟ್ಟರೆ ಅದು ಕರಗಿ ಹರಡದೆ ತಳದಲ್ಲಿ ಕೂರಬೇಕು. ಎರಡು ಬೆರಳಲ್ಲಿ ಒಟ್ಟುಮಾಡಿದರೆ ಮೆತ್ತನೆಯ ಉಂಡೆಯಾಗಬೇಕು. ಇದೇ ಉಂಡೆ ಪಾಕ. ಕೈಗೆ ಉಂಡೆ ಸಿಗದೆ ಜಾರಿದರೆ ಇನ್ನೂ ಆಗಿಲ್ಲ. ತಟ್ಟೆಗೆ ಎಸೆದಾಗ ಕಲ್ಲಿನಂತೆ ಸದ್ದು ಮಾಡಿದರೆ ಕೈಮೀರಿತು. ಎರಡರ ನಡುವೆ ಇರುವುದು ನಿಮಿಷಗಳ ಲೆಕ್ಕ. ಎಳೆಯ ಪಾಕದಲ್ಲಿ ಕಲಸಿದ ಹಿಟ್ಟು ಬಾಣಲೆಗೆ ಬಿದ್ದ ಕೂಡಲೇ ಒಡೆದು ಎಣ್ಣೆಯ ತುಂಬ ಹರಡಿಕೊಳ್ಳುತ್ತದೆ, ಬಲಿತ ಪಾಕದ್ದು ಹಲ್ಲಿಗೇ ಸವಾಲು ಹಾಕುತ್ತದೆ. ಸರಿಬಂದ ಹಿಟ್ಟನ್ನೂ ಆ ಕೂಡಲೇ ಕರಿಯುವಂತಿಲ್ಲ. ಒಂದು ದಿನವಾದರೂ ಮುಚ್ಚಿಟ್ಟು, ಆಮೇಲೆ ಉಂಡೆ ಕಟ್ಟಿ, ಬಾಳೆಲೆಯ ಮೇಲೆ ತಟ್ಟಿ, ಹದ ಉರಿಯಲ್ಲಿ ಕರಿದು, ಮೇಲೆತ್ತಿ ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆ ಇಳಿಸಬೇಕು.

ಈಗ ಈ ಸಾಲಿನಲ್ಲಿ ಆರು ವರ್ಷದ ಮಗುವನ್ನು ಎಲ್ಲಿ ಕೂರಿಸುತ್ತಾರೆ ನೋಡಿ. ಅಕ್ಕಿ ನೆನೆಹಾಕುವಲ್ಲಿ ಅಲ್ಲ, ಪಾಕದ ಹತ್ತಿರವಂತೂ ಅಲ್ಲವೇ ಅಲ್ಲ. ಕರಿದಿಟ್ಟ ಕಜ್ಜಾಯ ಆರಿದ ಮೇಲೆ ಎಣಿಸಿ ಡಬ್ಬಿಗೆ ಜೋಡಿಸುವುದು ಅದರ ಮೊದಲ ಕೆಲಸ. ಇನ್ನು ಸ್ವಲ್ಪ ದೊಡ್ಡದಾದರೆ ಹಿಟ್ಟನ್ನು ನಿಂಬೆಗಾತ್ರದ ಉಂಡೆ ಮಾಡಿ ಗಸಗಸೆಯಲ್ಲಿ ಹೊರಳಿಸುವುದು. ಆಮೇಲೆ ಎಲೆಯ ಮೇಲೆ ತಟ್ಟುವುದು, ಅಂಚು ಸೀಳದಂತೆ, ನಡು ತೆಳುವಾಗದಂತೆ. ಅಕ್ಕಿಯ ತೇವ ನೋಡುವುದು, ಜರಡಿ ಹಿಡಿಯುವುದು ಅದಾದ ಮೇಲೆ. ಬಾಣಲೆಯ ಮುಂದೆ ನಿಲ್ಲುವುದಕ್ಕೆ ಹನ್ನೆರಡು ಹದಿಮೂರು ವರ್ಷವಾದರೂ ಆಗಬೇಕು. ಪಾಕ ಎಲ್ಲಕ್ಕಿಂತ ಕೊನೆಗೆ. ಅನೇಕ ಮನೆಗಳಲ್ಲಿ ಅದನ್ನು ಸೊಸೆಯಂದಿರ ಕೈಗೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕಜ್ಜಾಯ ಆಗುವ ಕ್ರಮಕ್ಕೂ ಕಜ್ಜಾಯ ಕಲಿಯುವ ಕ್ರಮಕ್ಕೂ ತಾಳೆಯಿಲ್ಲ. ಹಿಟ್ಟು ಮುಂದಕ್ಕೆ ಸಾಗುತ್ತದೆ, ಮಗು ಹಿಂದಕ್ಕೆ ಸಾಗುತ್ತದೆ.

ಯಾವ ಅಜ್ಜಿಯೂ ಇದನ್ನು ಯೋಜನೆ ಹಾಕಿ ಮಾಡಿದ್ದಲ್ಲ. ಆದರೆ ಇದೇ ಕ್ರಮವನ್ನು ಬೇರೊಂದು ಖಂಡದಲ್ಲಿ ಒಬ್ಬರು ಕೂತು ಗಮನಿಸಿದ್ದಾರೆ. ಜೀನ್ ಲೇವ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಲೈಬೀರಿಯಾದ ದರ್ಜಿಗಳ ನಡುವೆ ಇದ್ದು, ಹುಡುಗರು ಆ ಕಸುಬು ಕಲಿಯುವುದನ್ನು ನೋಡಿದರು. ಬಟ್ಟೆ ಹೊಲಿಯುವುದು ಶುರುವಾಗುವುದು ಅಳತೆ, ಕತ್ತರಿಗಳಿಂದ. ಮುಗಿಯುವುದು ಗುಂಡಿ ಹಾಕಿ ಇಸ್ತ್ರಿ ಮಾಡುವುದರಲ್ಲಿ. ಶಿಷ್ಯರು ಕಲಿಯುವುದು ಗುಂಡಿ, ಅಂಚು, ಇಸ್ತ್ರಿಗಳಿಂದ ಶುರುಮಾಡಿ. ಕತ್ತರಿ ಕೈಗೆ ಸಿಗುವುದು ಕೊನೆಗೆ. ಗುಂಡಿ ಸೊಟ್ಟಗಾದರೆ ಬಿಚ್ಚಿ ಹಾಕಬಹುದು, ತಪ್ಪಾಗಿ ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ. ಎಟಿಯೆನ್ ವೆಂಗರ್ ಜೊತೆ ಸೇರಿ ಲೇವ್ 1991ರಲ್ಲಿ ಪ್ರಕಟಿಸಿದ ಪುಸ್ತಕ ಕಲಿಕೆಯ ಬಗ್ಗೆ ಯೋಚಿಸುವವರೆಲ್ಲ ಇವತ್ತಿಗೂ ತಿರುವಿಹಾಕುವಂಥದ್ದು. ಅದರ ತಿರುಳು ಇಷ್ಟು: ಕಸುಬಿನ ಅಂಚಿನಲ್ಲಿ ಕೂತವನೂ ಕಸುಬಿನ ಒಳಗೇ ಇರುತ್ತಾನೆ, ಅವನ ಸಣ್ಣ ಕೆಲಸವೂ ನಿಜವಾದ ಕೆಲಸ. ಕಜ್ಜಾಯಕ್ಕೆ ಗಸಗಸೆ ಹಚ್ಚುವ ಮಗುವಿನ ಪಾಡೂ ಇದೇ. ಮಗುವಿಗೆಂದು ಪಕ್ಕಕ್ಕೆ ತೆಗೆದಿಟ್ಟ ಆಟದ ಹಿಟ್ಟಲ್ಲ ಅದು. ನೈವೇದ್ಯಕ್ಕೆ ಹೋಗುವ, ನೆಂಟರ ಮನೆಗೆ ಹೋಗುವ ಹಿಟ್ಟೇ. ತಟ್ಟಿದ್ದು ವಕ್ರವಾದರೆ ವಕ್ರ ಕಜ್ಜಾಯ ಬರುತ್ತದೆ, ರುಚಿಗೇನೂ ಕುಂದಿಲ್ಲ, ಯಾರಾದರೂ ತಿಂದೇ ತಿನ್ನುತ್ತಾರೆ. ಪಾಕ ಕೆಟ್ಟರೆ ಒಂದು ಸೇರು ಅಕ್ಕಿ, ಎರಡು ದಿನದ ದುಡಿಮೆ, ಹಬ್ಬ ಮೂರೂ ಕೆಟ್ಟವು. ತಪ್ಪಿಗೆ ತೆರಬೇಕಾದ ಬೆಲೆ ಎಲ್ಲಿ ಕಡಿಮೆಯೋ ಅಲ್ಲಿಂದ ಪಾಠ ಶುರು.

ತುದಿಯಿಂದ ಕಲಿಯುವುದಕ್ಕೆ ಇನ್ನೂ ಒಂದು ಲಾಭವಿದೆ, ನನಗೆ ಅದೇ ಹೆಚ್ಚಿನದು. ಮಗುವಿಗೆ ಮೊದಲ ದಿನವೇ ಸಿದ್ಧ ಕಜ್ಜಾಯ ಹೇಗಿರಬೇಕೆಂದು ಕೈಗೆ, ಕಣ್ಣಿಗೆ, ನಾಲಗೆಗೆ ಗೊತ್ತಾಗಿಬಿಟ್ಟಿರುತ್ತದೆ. ಅಂಚು ಗರಿ, ಒಳಗೆ ಮೆದು, ಮುರಿದರೆ ಸಣ್ಣ ರಂಧ್ರ. ಮರುವರ್ಷ ತಟ್ಟುವಾಗ ಯಾಕೆ ಇಷ್ಟೇ ದಪ್ಪ ಎಂಬುದಕ್ಕೆ ಉತ್ತರ ಅದರ ಬಳಿ ಆಗಲೇ ಇದೆ. ಇನ್ನೊಂದು ವರ್ಷ ಹಿಟ್ಟು ಜರಡಿ ಹಿಡಿಯುವಾಗ, ತರಿ ಉಳಿದರೆ ತಟ್ಟುವಾಗ ಸೀಳುತ್ತದೆಂದು ಬೆರಳೇ ಹೇಳುತ್ತದೆ. ಪ್ರತಿ ಹಿಂದಿನ ಹೆಜ್ಜೆಗೂ ಅದರ ಮುಂದಿನ ಹೆಜ್ಜೆಯೇ ಕಾರಣ ಕೊಡುತ್ತಾ ಹೋಗುತ್ತದೆ. ಶಾಲೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಮೊದಲ ಅಧ್ಯಾಯ ಓದುವ ಮಗುವಿಗೆ ಅದು ಯಾಕೆ ಬೇಕೆಂದು ತಿಳಿಯುವುದು ಹತ್ತನೇ ಅಧ್ಯಾಯದಲ್ಲಿ, ಅಷ್ಟರಲ್ಲಿ ಮೊದಲನೆಯದು ಮರೆತುಹೋಗಿರುತ್ತದೆ. ಎಲ್ಲ ಪಾಠವನ್ನೂ ತಿರುಗಿಸಿ ಹೇಳಿಕೊಡಿ ಎನ್ನುತ್ತಿಲ್ಲ. ಮಗ್ಗಿ ಬಾರದೆ ಬಡ್ಡಿಲೆಕ್ಕ ಬಾರದು. ಆದರೆ ‘ಹದ’ ಎಂಬ ಒಂದು ಪದದಲ್ಲಿ ಕನ್ನಡ ಕಟ್ಟಿಟ್ಟಿರುವ ತಿಳಿವಳಿಕೆ ಇದೆಯಲ್ಲ, ಮಣ್ಣಿಗೂ ಮಾತಿಗೂ ಹಿಟ್ಟಿಗೂ ಉರಿಗೂ ನಾವು ಬಳಸುವ ಪದ, ಅದು ಹಿಂದಿನಿಂದಲೇ ಬರಬೇಕು. ಫಲ ಗೊತ್ತಿಲ್ಲದವನಿಗೆ ಹದ ಗೊತ್ತಾಗದು.

ಈ ಪಾಠಕ್ಕೆ ಶರದೃತುವೇ ಯಾಕೆ? ಬೇಸಿಗೆ ರಜೆ ಇನ್ನೂ ಉದ್ದ ಇದೆಯಲ್ಲ ಎನ್ನಬಹುದು. ಕಜ್ಜಾಯ ವರ್ಷಕ್ಕೊಮ್ಮೆ ಬರುವುದು ಕೊರತೆಯಂತೆ ಕಂಡರೂ ಮೆಟ್ಟಿಲು ಆಗುವುದು ಅದರಿಂದಲೇ. ಹೋದ ವರ್ಷ ಉಂಡೆ ಕಟ್ಟಿದವಳು ಈ ವರ್ಷ ತಟ್ಟಲು ಕೂರುತ್ತಾಳೆ. ಯಾರೂ ಪರೀಕ್ಷೆ ಮಾಡಲಿಲ್ಲ, ಕೈ ದೊಡ್ಡದಾಯಿತು, ಅಷ್ಟೆ. ಜೊತೆಗೆ ಋತುವೇ ಒಂದು ಪ್ರಶ್ನೆಪತ್ರಿಕೆ ಕೊಡುತ್ತದೆ. ಮೈಸೂರಿನಲ್ಲಿ ಅತಿಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಅಕ್ಟೋಬರ್ ಒಂದು. ಜಂಬೂಸವಾರಿಯ ದಿನ ಆಕಾಶ ನೋಡುವುದು ಈ ಊರಿನವರ ಹಳೆಯ ರೂಢಿ. ಬಿಸಿಲಿನ ವರ್ಷ ಬಟ್ಟೆಯ ಮೇಲೆ ಹರಡಿದ ಅಕ್ಕಿ ಒಂದು ಗಂಟೆಯೊಳಗೆ ಹದಕ್ಕೆ ಬಂದರೆ, ಮೋಡ ಕವಿದ ವರ್ಷ ಮಧ್ಯಾಹ್ನ ಕಳೆದರೂ ತಣ್ಣಗೆ ಒದ್ದೆಯಾಗೇ ಇರುತ್ತದೆ. ಬೆಲ್ಲವೂ ಅಷ್ಟೆ. ಮಂಡ್ಯದ ಕಡೆಯ ಆಲೆಮನೆಯಿಂದ ಬಂದ ಹೊಸ ಬೆಲ್ಲಕ್ಕೂ, ಅಂಗಡಿಯವರು ಕೊಟ್ಟ ಕಳೆದ ವರ್ಷದ ಕಪ್ಪಗಿನ ಬೆಲ್ಲಕ್ಕೂ ಪಾಕ ಏಳುವ ರೀತಿ ಬೇರೆ. ಬೆಲ್ಲವೆಂದರೆ ಶುದ್ಧ ಸಕ್ಕರೆಯಲ್ಲ; ಸುಕ್ರೋಸ್ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್, ಖನಿಜಾಂಶ, ತೇವ ಎಲ್ಲ ಸೇರಿ, ಗಾಣದಿಂದ ಗಾಣಕ್ಕೆ ಪಾಲು ಬದಲಾಗುವ ಪದಾರ್ಥ. ಎರಡು ಲೋಟ ಅಕ್ಕಿಗೆ ಒಂದು, ಒಂದೂಕಾಲು ಲೋಟ ಬೆಲ್ಲ ಎಂಬ ಅಳತೆ ಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗೆ ಹೋಗುವುದು ನಮ್ಮ ಪಾಡು.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ: ಥರ್ಮಾಮೀಟರ್ ಇಟ್ಟರೆ ಮುಗಿಯಿತಲ್ಲ? ಯೂಟ್ಯೂಬಿನಲ್ಲಿ ಎಲ್ಲ ಇದೆಯಲ್ಲ? ಪ್ರಶ್ನೆ ನ್ಯಾಯವಾದದ್ದೇ. ಉಂಡೆ ಪಾಕಕ್ಕೆ ಪುಸ್ತಕಗಳಲ್ಲಿ ಕೊಡುವ ಉಷ್ಣತೆ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್. ನೀರು ಆವಿಯಾದಂತೆ ಸಕ್ಕರೆಯ ಪಾಲು ಏರುತ್ತದೆ, ಅದರೊಂದಿಗೆ ಕುದಿಯುವ ಬಿಂದುವೂ ಏರುತ್ತದೆ. ಆ ಹೊತ್ತಿಗೆ ಪಾಕದಲ್ಲಿ ಸಕ್ಕರೆ ಶೇ. 85ರ ಆಸುಪಾಸು. ಆದರೆ ಈ ಅಂಕಿ ಸಮುದ್ರಮಟ್ಟದ್ದು. ಮೈಸೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು ಕುದಿಯುವುದು ನೂರಕ್ಕಲ್ಲ, 97ರಿಂದ 98 ಡಿಗ್ರಿಯ ನಡುವೆ. ಪಾಕದ ಅಂಕಿಯೂ ಅಷ್ಟೇ ಕೆಳಗಿಳಿಯಬೇಕು. ಕಿಟಕಿಯ ಅಗಲವೇ ನಾಲ್ಕು ಡಿಗ್ರಿ, ಅದರಲ್ಲಿ ಎರಡೂವರೆ ಡಿಗ್ರಿಯನ್ನು ಊರಿನ ಎತ್ತರ ನುಂಗಿಹಾಕಿದರೆ ಪುಸ್ತಕ ನಂಬಿ ಕೂತವರ ಕಜ್ಜಾಯ ಗಟ್ಟಿಯಾಗುವುದರಲ್ಲಿ ಆಶ್ಚರ್ಯವೇನು? ನೀರ ಬಟ್ಟಲಿಗೆ ಎತ್ತರದ ಹಂಗಿಲ್ಲ. ಅದು ತೋರಿಸುವುದು ಪಾಕದ ಗಟ್ಟಿತನವನ್ನೇ ನೇರವಾಗಿ. ಹಾಗೆಂದು ಥರ್ಮಾಮೀಟರ್ ಬೇಡವೆನ್ನುವುದು ಹಟಮಾರಿತನ. ಬಟ್ಟಲೂ ಇರಲಿ, ಅದೂ ಇರಲಿ, ಒಂದರಿಂದ ಇನ್ನೊಂದನ್ನು ತಾಳೆ ನೋಡಿದ ಮಗು ಎರಡಕ್ಕಿಂತಲೂ ಜಾಣ ಆಗುತ್ತದೆ. ಅಜ್ಜಿಯರ ‘ಅಂದಾಜಿಗೆ ಹಾಕು’ ಎಂಬ ಮಾತಿನಲ್ಲಿ ಎಲ್ಲವೂ ಜಾಣತನವಲ್ಲ; ಅರ್ಧ ಅಭ್ಯಾಸ, ಕಾಲು ಗುಟ್ಟು, ಕಾಲು ಜಂಬ. ಬರೆದಿಡುವುದು ಒಳ್ಳೆಯದು. ವಿಡಿಯೊಗಳ ತೊಂದರೆ ಬೇರೆ ಥರದ್ದು. ಅವು ಮೊದಲಿನಿಂದ ಕೊನೆಗೆ ಓಡುತ್ತವೆ, ಅದೂ ಗೆದ್ದ ಕಜ್ಜಾಯವನ್ನಷ್ಟೇ ತೋರಿಸುತ್ತವೆ. ಎಣ್ಣೆಯಲ್ಲಿ ಹರಡಿಹೋದ ಹಿಟ್ಟಿಗೆ ಒಂದು ಹಿಡಿ ಅಕ್ಕಿಹಿಟ್ಟು ಸೇರಿಸಿ ನೋಡುವ ಉಪಾಯ ಕಣ್ಣೆದುರು ಕೆಟ್ಟಾಗಲೇ ಕಲಿಯಬೇಕಾದದ್ದು.

ಇವತ್ತಿನ ಮಕ್ಕಳಿಗೆ ಕಜ್ಜಾಯ ಬೇಡ, ಕೇಕ್ ಬೇಕು ಎಂಬುದು ಇನ್ನೊಂದು ಮಾತು. ಬೇಕಾದರೆ ಕೇಕೇ ಆಗಲಿ. ಅದು ಪರದೇಶದ್ದು, ಕರಿಯುವುದೇ ನಮ್ಮದು ಎಂದು ಗೆರೆ ಎಳೆಯುವವರು ಮೂರನೆಯ ಮಂಗರಸನನ್ನು ಒಮ್ಮೆ ನೆನೆಯಬೇಕು. ಮೈಸೂರು ಸೀಮೆಯದೇ ಆದ ಕಲ್ಲಹಳ್ಳಿಯ ಈ ಕವಿ 16ನೇ ಶತಮಾನದ ಆರಂಭದಲ್ಲಿ ಅಡುಗೆಯ ಬಗ್ಗೆ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ ಬರೆದ. ಅದರಲ್ಲಿ ಬರುವ ಮುಚ್ಚಳ ರೊಟ್ಟಿಯನ್ನು ಭಾರತದ ಆಹಾರದ ಇತಿಹಾಸ ಬರೆದ ಕೆ.ಟಿ. ಆಚಯ್ಯ ತಮ್ಮ ಗ್ರಂಥದಲ್ಲಿ ಗುರುತಿಸಿದ್ದಾರೆ: ಮೇಲೆ ಕೆಂಡ, ಕೆಳಗೆ ಕೆಂಡ, ನಡುವೆ ರೊಟ್ಟಿ. ಒವೆನ್ ಎಂದರೆ ಇದಕ್ಕಿಂತ ಹೆಚ್ಚೇನಲ್ಲ. ಕುಕ್ಕರಿನ ತಳಕ್ಕೆ ಮರಳು ಅಥವಾ ಉಪ್ಪು ಹರಡಿ, ಗ್ಯಾಸ್ಕೆಟ್ ತೆಗೆದು, ಕೇಕ್ ಬೇಯಿಸಿದ ಅಮ್ಮಂದಿರು ಮಾಡಿದ್ದೂ ಅದನ್ನೇ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನ ಮೂಲದ ಎಚ್.ಎಸ್. ತಿರುಮಲಾಚಾರ್ ಶುರುಮಾಡಿದ ಬೇಕರಿಯಿಂದ ಮೊದಲಾಗಿ ಅಯ್ಯಂಗಾರ್ ಬೇಕರಿಗಳು ಊರೂರಿಗೆ ಹಬ್ಬಿದ್ದು ಪುಸ್ತಕ ಓದಿಕೊಂಡಲ್ಲ, ನೆಂಟರ ಹುಡುಗರು, ಊರ ಹುಡುಗರು ಒಲೆಯ ಮುಂದೆ ನಿಂತು ನಿಂತು. ಮಾತು ತಿಂಡಿಯ ಕುಲಗೋತ್ರದ್ದಲ್ಲ, ಕಲಿಸುವ ಕ್ರಮದ್ದು. ಕೇಕಿನಲ್ಲೂ ಮಗು ಮೊದಲು ತಟ್ಟೆಗೆ ತುಪ್ಪ ಸವರಿ ಹಿಟ್ಟು ಉದುರಿಸಲಿ, ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡಲಿ. ಮಿಶ್ರಣ ಕಲಸುವ ಕೆಲಸ ಕೊನೆಗಿರಲಿ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಣ್ಣುಮಕ್ಕಳ ಕಡೆಯಿಂದ ಬರುತ್ತದೆ, ಬರಬೇಕಾದದ್ದೇ. ಅಜ್ಜಿಯ ಪಕ್ಕ ಕೂತು ಉಂಡೆ ಕಟ್ಟಿದವಳು ಮೊಮ್ಮಗಳು. ಮೊಮ್ಮಗ ಹೊರಗೆ ಕ್ರಿಕೆಟ್ ಆಡಿ ಬಂದು ಬಿಸಿಬಿಸಿ ತಿಂದ. ಹೀಗಿರುವಾಗ ಇದನ್ನು ಶಿಕ್ಷಣವೆಂದು ಹೊಗಳುವುದು ಹುಡುಗಿಯನ್ನು ಒಲೆಗೆ ಕಟ್ಟಿಹಾಕುವ ಹಳೆಯ ಹಗ್ಗಕ್ಕೆ ಹೊಸ ಬಣ್ಣ ಬಳಿದಂತೆ ಅಲ್ಲವೇ? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಲೆಕ್ಕದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕೊಡುವ ಹೊತ್ತು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಅದೂ ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುವವರೇ ನಾಲ್ಕರಲ್ಲಿ ಒಬ್ಬರು. ಈ ಅಂಕಿಗಳ ಮುಂದೆ ಪರಂಪರೆಯ ಮಾತು ನಾಚಿಕೊಳ್ಳಬೇಕು. ನನ್ನ ಉತ್ತರ ಪಾಠ ಬಿಡಿ ಎಂಬುದಲ್ಲ, ಪಾಠಕ್ಕೆ ಹುಡುಗನನ್ನೂ ಕೂರಿಸಿ ಎಂಬುದು. ಪಾಕವೆಂದರೆ ನಳಪಾಕ, ಭೀಮಪಾಕ ಎಂದು ಗಂಡಸರ ಹೆಸರೇ ಹೇಳುವ ನಾಡು ಇದು. ಸೂಪಶಾಸ್ತ್ರ ಬರೆದವನು ಗಂಡಸು, ಮೈಸೂರು ಪಾಕಿನ ಕೀರ್ತಿ ಹೊತ್ತ ಅರಮನೆಯ ಕಾಕಾಸುರ ಮಾದಪ್ಪ ಗಂಡಸು, ಮದುವೆಮನೆಯ ಅಡುಗೆ ಭಟ್ಟರೂ ಗಂಡಸರೇ. ದುಡ್ಡು, ಹೆಸರು ಇರುವ ಕಡೆ ಅವರಿಗೆ ಸೌಟು ಹಿಡಿಯಲು ಬರುತ್ತದೆ, ಮನೆಯಲ್ಲಿ ಮಾತ್ರ ಬರುವುದಿಲ್ಲ ಎಂದರೆ ನಂಬುವುದು ಹೇಗೆ? ಅಷ್ಟೇ ಅಲ್ಲ, ಕಲಿಸುವ ಜಾಗದಲ್ಲಿ ತಾತನೂ ಇರಬಹುದು. ನಲವತ್ತು ವರ್ಷ ಆಫೀಸಿಗೆ ಹೋಗಿಬಂದ ತಾತನಿಗೆ ಗಸಗಸೆ ಹಚ್ಚುವ ಕೆಲಸದಿಂದ ಶುರುಮಾಡಲು ಅಡ್ಡಿಯೇನಿಲ್ಲ, ಮೊಮ್ಮಗುವಿನ ಪಕ್ಕದಲ್ಲೇ, ಅದೇ ತರಗತಿಯಲ್ಲಿ.

ಬಿಸಿ ಎಣ್ಣೆಯ ಅಪಾಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತುದಿಯಿಂದ ಕಲಿಸುವ ಕ್ರಮದಲ್ಲಿ ಬೆಂಕಿ ಕೊನೆಗೆ ಬರುತ್ತದೆ, ಅದೇ ರಕ್ಷಣೆ. ಸಕ್ಕರೆ-ಎಣ್ಣೆಯ ಆಕ್ಷೇಪಕ್ಕೂ ಉತ್ತರ ಚಿಕ್ಕದು: ಒಂದು ಡಬ್ಬಿ ಕಜ್ಜಾಯಕ್ಕೆ ಎಷ್ಟು ಬೆಲ್ಲ ಕರಗಿತು, ಬಾಣಲೆಯ ಎಣ್ಣೆ ಎಷ್ಟು ಇಳಿಯಿತು ಎಂದು ಕಣ್ಣಾರೆ ಕಂಡ ಮಗು ಪ್ಯಾಕೆಟ್ ಒಡೆದು ತಿನ್ನುವ ಮಗುವಿಗಿಂತ ಹೆಚ್ಚು ತಿಳಿದಿರುತ್ತದೆ.

ನಿಜವಾದ ತೊಡಕು ಅಜ್ಜಿಯ ಕಡೆಯದು. ಎಲ್ಲ ಅಜ್ಜಿಯರೂ ಕಲಿಸಲು ಕಾದು ಕೂತಿಲ್ಲ. ಮಡಿಯ ಹೆಸರಲ್ಲಿ ಮಕ್ಕಳನ್ನು ಅಡುಗೆಮನೆಯ ಹೊಸ್ತಿಲ ಆಚೆ ನಿಲ್ಲಿಸಿದ ಮನೆಗಳು ಎಷ್ಟೋ ಇದ್ದವು, ಕೆಲವು ಈಗಲೂ ಇವೆ. ಮಂಡಿನೋವಿನಲ್ಲಿ ಐವತ್ತು ದೀಪಾವಳಿ ಕಳೆದ ಹೆಂಗಸು ‘ಸಾಕಪ್ಪಾ, ಈ ಸಲ ಕಾಂಡಿಮೆಂಟ್ಸಿನಿಂದ ತನ್ನಿ’ ಎಂದರೆ ಅದನ್ನು ಸಂಸ್ಕೃತಿಯ ಪತನವೆಂದು ಬರೆಯುವವರಿಗೆ ಅಕ್ಕಿ ಕುಟ್ಟಿ ಗೊತ್ತಿಲ್ಲ. ಅಜ್ಜಿ-ತಾತ ಇಲ್ಲದ ಮಕ್ಕಳೂ ಇದ್ದಾರೆ. ಆದರೆ ಕಲಿಸುವ ಕ್ರಮ ರಕ್ತಸಂಬಂಧ ಕೇಳುವುದಿಲ್ಲ, ಪಕ್ಕದ ಮನೆಯ ಅಜ್ಜಿಯಾದರೂ ನಡೆಯುತ್ತದೆ. ಬೊಂಬೆ ನೋಡಲು ಮನೆಮನೆ ಹೊಕ್ಕು ಬರುವ ಮಕ್ಕಳಿಗೆ ಆ ಬಾಗಿಲು ಹೊಸದೂ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ನಡುವೆ ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯುವ ಅವಕಾಶವನ್ನು ಹೇಳಿದೆ. ಬಡಗಿ, ಕುಂಬಾರರ ಹೆಸರು ಅಲ್ಲಿ ಬರುತ್ತದೆ. ಪಾಕ ನೋಡಿ ಹದ ಹೇಳುವವರನ್ನು ನಾವು ಇನ್ನೂ ಕಸುಬುದಾರರ ಪಟ್ಟಿಗೆ ಸೇರಿಸಿಲ್ಲ. ಸೇರಿಸಬೇಕು.

ಮೊಮ್ಮಕ್ಕಳನ್ನು ಕಳಿಸುವ ಅಪ್ಪ-ಅಮ್ಮಂದಿರಲ್ಲಿ ಒಂದು ಕೋರಿಕೆ. ನರಕ ಚತುರ್ದಶಿಯ ಹಿಂದಿನ ರಾತ್ರಿ ಎಕ್ಸ್‌ಪ್ರೆಸ್‌ವೇ ಹಿಡಿದು ಬಂದರೆ ಮಗುವಿಗೆ ಸಿಗುವುದು ಡಬ್ಬಿ ಮಾತ್ರ. ಕಜ್ಜಾಯದ ಅಕ್ಕಿ ನೆನೆಯಬೇಕು, ಆರಬೇಕು, ಕಲಸಿದ ಹಿಟ್ಟು ಒಂದು ದಿನವಾದರೂ ಕೂರಬೇಕು. ಆದ್ದರಿಂದ ಹಬ್ಬಕ್ಕಿಂತ ಮೂರು ದಿನ ಮೊದಲು ಕರೆತನ್ನಿ. ಶಾಲೆಯ ರಜೆ ಅದಕ್ಕೆ ಹೊಂದದಿದ್ದರೆ ದಸರಾ ರಜೆಯಲ್ಲೇ ಪಾಕ ಹಿಡಿಯಿರಿ. ಗಾಳಿಯಾಡದ ಡಬ್ಬಿಯಲ್ಲಿಟ್ಟ ಪಾಕದ ಹಿಟ್ಟು ಹಲವು ದಿನ ಕೆಡುವುದಿಲ್ಲ.